ಪಾಸಾಗುವ ಗಾಡಿ

“ಇನ್ನೂ ಒತ್ತಿ ಮಾವ. ಪೂರ್ತಿ ಒತ್ತಿ.”

“ಒತ್ತಿದೀನಲ್ಲ!”

“ಅರ್ಧಕ್ಕೇ ನಿಲ್ಲಿಸ್ತೀರಿ. ಅರ್ಧ ಒತ್ತಿದ್ರೆ ಮಶೀನು ಲೆಕ್ಕಕ್ಕೇ ತಗೊಳ್ಳಲ್ಲ. ನೋಡಿ, ಮತ್ತೆ ಕೆಂಪು ದೀಪ ಬಂತು. ಮತ್ತೆ ಮೊದಲಿಂದ ಶುರು ಮಾಡ್ಬೇಕು.”

ಗಾಡಿಯಣ್ಣ ಎರಡೂ ಅಂಗೈಗಳನ್ನು ಸ್ಟಿಯರಿಂಗಿನ ಮೇಲೆ ಬಡಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಕ್ಕೆ ನೋಡಿದ. ಸೊಸೆ ವ್ಯಾನಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಸೈಲೆನ್ಸರಿನ ಬಾಯಿಗೆ ತೂರಿಸಿದ್ದ ಲೋಹದ ಕೊಳವೆಯನ್ನು ಅಲುಗಾಡದಂತೆ ಹಿಡಿದಿದ್ದಳು. ಅದರಿಂದ ಹೊರಟ ರಬ್ಬರ್ ಪೈಪು ನೆಲದ ಮೇಲೆ ಹರಿದು ಶೆಡ್ಡಿನ ಮೂಲೆಯ ಯಂತ್ರದೊಳಕ್ಕೆ ಹೋಗಿತ್ತು. ಅವಳ ಮೂಗು ಬಾಯಿಗೆ ಬಟ್ಟೆ ಬಿಗಿದಿತ್ತು, ತಲೆಯ ಮೇಲೆ ಶೆಡ್ಡಿನ ಮಾಲೀಕ ಕೊಟ್ಟ ಟೋಪಿ. ನಡುವೆ ಕಾಣುತ್ತಿದ್ದುದು ಕಣ್ಣುಗಳು ಮಾತ್ರ. ಮನೆಯಲ್ಲಿ ತಲೆ ತಗ್ಗಿಸಿ ನೀರಿನ ಲೋಟ ಇಟ್ಟುಹೋಗುವ ಹೆಣ್ಣಿಗೆ ಇಂಥ ಕಣ್ಣುಗಳಿವೆ ಎಂದು ಅವನು ಗಮನಿಸಿಯೇ ಇರಲಿಲ್ಲ. ಈಗ ಗಮನಿಸಿದ್ದು ಅವನಿಗೇನೂ ಹಿತವಾಗಲಿಲ್ಲ.

ಆಸ್ಪತ್ರೆಯ ಕೊಳೆ ಬಟ್ಟೆಯನ್ನು ಲಾಂಡ್ರಿಗೆ, ಒಗೆದ ಬಟ್ಟೆಯನ್ನು ಮತ್ತೆ ಆಸ್ಪತ್ರೆಗೆ ಸಾಗಿಸುವುದು ಅವನ ಕೆಲಸ. ಹಾಸಿಗೆ ಹೊದಿಕೆ, ದಿಂಬಿನ ಚೀಲ, ಡಾಕ್ಟರರ ಹಸಿರು ಅಂಗಿ. ಮಗ ಹುಟ್ಟುವುದಕ್ಕೂ ಮೊದಲಿನಿಂದ ಇದೇ ವ್ಯಾನು, ಇದೇ ದಾರಿ. ಅವನ ಹೆಸರು ಏನೆಂಬುದು ಲಾಂಡ್ರಿಯವರಿಗೂ ಮರೆತುಹೋಗಿತ್ತು. ಎಲ್ಲರ ಬಾಯಲ್ಲೂ ಗಾಡಿಯಣ್ಣನೇ. ಈಚೆಗೆ ಆಸ್ಪತ್ರೆಯ ಗೇಟಿಗೆ ಹೊಸ ಕಾವಲುಗಾರ ಬಂದಿದ್ದ. ಹೊಗೆ ಪರೀಕ್ಷೆಯ ಚೀಟಿ ಮುಂದಿನ ಗಾಜಿನ ಮೇಲೆ ಇಲ್ಲದಿದ್ದರೆ ಗಾಡಿ ಒಳಗೆ ಬಿಡುವುದಿಲ್ಲ ಎಂದು ಅಡ್ಡ ನಿಂತುಬಿಟ್ಟ. ಹಳೆಯ ಚೀಟಿಯ ಅವಧಿ ಮುಗಿದಿತ್ತು. ಮೂಟೆಗಳನ್ನೆಲ್ಲ ಗೇಟಿನಿಂದ ವಾರ್ಡಿನ ತನಕ ಕೈಗಾಡಿಯಲ್ಲಿ ತಳ್ಳಿ ಗಾಡಿಯಣ್ಣನ ಸೊಂಟ ಹಿಡಿದುಹೋಗಿತ್ತು.

ಪೆಟ್ರೋಲ್ ಬಂಕಿನ ಹಿಂದಿನ ಈ ಶೆಡ್ಡು ಅವನಿಗೆ ಹೊಸದಲ್ಲ. ಹಿಂದೆ ಇಲ್ಲಿ ಕನ್ನಡಕದವನೊಬ್ಬ ಇದ್ದ. ಗಾಡಿಯಣ್ಣ ಬಂಕಿನ ಮುಂದೆ ನಿಂತು ಒಂದು ಚಹಾ ಕುಡಿದು ಬರುವಷ್ಟರಲ್ಲಿ ಚೀಟಿ ಅಂಟಿಸಿ, “ಗಾಡಿ ಇನ್ನೂ ಗಟ್ಟಿಮುಟ್ಟಾಗಿದೆ ಅಣ್ಣ” ಎಂದು ಬಾನೆಟ್ಟು ತಟ್ಟಿ ಕಳಿಸುತ್ತಿದ್ದ. ಅವನು ಕೆಲಸ ಬಿಟ್ಟುಹೋದ ಮೇಲೆ ಆ ಜಾಗಕ್ಕೆ ಸೊಸೆ ಸೇರಿಕೊಂಡಿದ್ದಳು. “ನಮ್ಮ ಸೊಸೇನೇ ಇರೋವಾಗ ನಿಮಗೇನು ಚಿಂತೆ?” ಎಂದು ಹೆಂಡತಿ ಹುರಿದುಂಬಿಸಿ ಕಳಿಸಿದ್ದಳು. ಮೊದಲ ಸಲ ಬಂದಾಗ ಫೇಲು. ಇಂಜೆಕ್ಟರು ತೊಳೆಸಿ, ಏರ್ ಫಿಲ್ಟರು ಬದಲಿಸಿ ಬಂದಾಗಲೂ ಫೇಲು. ಇದು ಮೂರನೆಯ ಸಲ.

“ಈ ಇಂಜಿನ್‌ನ ನಾನು ಒಂದು ದಿನಾನೂ ಅರಚಿಸಿದವನಲ್ಲ,” ಎಂದ ಅವನು ಬಾಗಿಲು ತೆರೆದು ಒಂದು ಕಾಲು ಕೆಳಗಿಟ್ಟು. “ಏರು ಬಂದ್ರೆ ಗೇರ್ ಇಳಿಸಿ, ಸಮಾಧಾನ ಮಾಡಿ ಹತ್ತಿಸಿದೀನಿ. ನಿಂತ ಜಾಗದಲ್ಲಿ ನಿಲ್ಲಿಸಿ ಹೀಗೆ ಗಂಟಲು ಹರಿಯೋ ಹಾಗೆ ಕಿರುಚಿಸೋದು ಯಾವ ಸೀಮೆ ಪರೀಕ್ಷೆ?”

“ರೂಲ್ಸ್ ನಾನು ಮಾಡಿದ್ದಲ್ಲ ಮಾವ.”

“ಎಲ್ಲರೂ ಇದನ್ನೇ ಹೇಳ್ತೀರಿ. ಮಾಡಿದವನು ಯಾರು ಅಂತ ಮಾತ್ರ ಒಬ್ಬರಿಗೂ ಗೊತ್ತಿಲ್ಲ. ಅವನನ್ನ ಕರೆಸು, ಅವನ ಗಾಡೀನ ಮೊದಲು ನಿಲ್ಲಿಸಿ ಒತ್ತೋಣ.”

ಸಾಲಿನಲ್ಲಿದ್ದ ಇಬ್ಬರು ಮೂವರು ನಕ್ಕರು. ಹಿಂದಿನ ಬಿಳಿ ಕಾರಿನವನು ನಗಲಿಲ್ಲ. ಒಂದೇ ಸಮನೆ ಹಾರ್ನ್ ಒತ್ತಿದ. “ಯಜಮಾನ್ರೇ, ಇಲ್ಲೇ ಸಂಸಾರ ಹೂಡ್ತೀರಾ? ನಮಗೂ ಆಫೀಸಿದೆ.” ನಂತರ ಸೊಸೆಯ ಕಡೆ ತಿರುಗಿ, “ನಿಮ್ಮ ಮಾವ ಅಂತೀರಿ. ಏನೋ ಒಂದು ಅಡ್ಜಸ್ಟ್ ಮಾಡಿ ಕಳಿಸಮ್ಮ, ಪುಣ್ಯ ಬರುತ್ತೆ” ಎಂದ.

ಉತ್ತರ ಕೊಟ್ಟಿದ್ದು ಗಾಡಿಯಣ್ಣ.

“ಯಾರ ಅಡ್ಜಸ್ಟೂ ಬೇಡ ಕಣಯ್ಯ ನನ್ನ ಗಾಡಿಗೆ! ಇದೇ ಶೆಡ್ಡಲ್ಲಿ ವರ್ಷ ವರ್ಷ ಪಾಸಾಗಿರೋ ಗಾಡಿ ಇದು. ನಿನ್ನ ಡಬ್ಬದ ಹಾಗೆ ನಿನ್ನೆ ಮೊನ್ನೆ ಬಂದಿದ್ದಲ್ಲ.” ಆಮೇಲೆ ಸೊಸೆಗೆ ಹೇಳಿದ: “ಪೂರ್ತಿ ಒತ್ತಬೇಕು ತಾನೆ? ತಗೋ. ಇವತ್ತು ಒತ್ತಿ ತೋರಿಸ್ತೀನಿ.”

ಬಾಗಿಲು ರಪ್ಪನೆ ಎಳೆದುಕೊಂಡ. ಬಲಗಾಲನ್ನು ಎಕ್ಸಿಲರೇಟರಿನ ಮೇಲಿಟ್ಟು, ಮೊಣಕಾಲು ನೆಟ್ಟಗಾಗುವಷ್ಟು ತುಳಿದ.

ಇಂಜಿನ್ನು ಮೊದಲು ಗೊಗ್ಗರು ದನಿಯಲ್ಲಿ ಗೊಣಗಿತು, ಆಮೇಲೆ ಕೂಗಿತು. ಗೇರಿನ ಗುಂಡು ನಡುಗಿತು, ಕನ್ನಡಿ ಅದುರಿ ಅದರೊಳಗಿನ ಬಿಳಿ ಕಾರು ಎರಡಾಗಿ ಮೂರಾಗಿ ಕಂಡಿತು, ಹಿಂದೆ ಮೂಟೆ ಹೇರುವ ಖಾಲಿ ಜಾಗದಲ್ಲಿ ಏನೋ ಕಬ್ಬಿಣದ ಸಾಮಾನು ಗಲಗಲ ಹೊರಳಿತು. ಶೆಡ್ಡಿನ ತಗಡು ಮಾಡಿನ ಕೆಳಗೆ ಕರಿಹೊಗೆ ತುಂಬಿತು. ಯಂತ್ರ ಕುಯ್ಯೆಂದಿತು.

“ಆಯ್ತು, ಬಿಡಿ!” ಸೊಸೆ ಕೂಗಿದಳು. “ಮಾವ, ಸಾಕು! ಕಾಲು ತೆಗೀರಿ!”

ಅವನಿಗೆ ಕೇಳಿಸಿತು. ಆಮೇಲೆ ಊರಿಗೆಲ್ಲ ಏನು ಹೇಳಿಕೊಂಡು ತಿರುಗಿದರೂ, ಆ ಹೊತ್ತಿನಲ್ಲಿ ಅವನಿಗೆ ಚೆನ್ನಾಗಿಯೇ ಕೇಳಿಸಿತ್ತು. ಕಾಲು ತೆಗೆಯಲಿಲ್ಲ. ಇನ್ನಷ್ಟು ತುಳಿದ. ಸೊಸೆ ಕೊಳವೆ ಬಿಟ್ಟು ಎದ್ದು ಓಡಿಬಂದು ಬಾಗಿಲಿನ ತಗಡಿಗೆ ಬಡಿಯತೊಡಗಿದಳು. ಅವಳು ಬಡಿದಷ್ಟೂ ಅವನ ಕಾಲು ಹಟ ಹಿಡಿಯಿತು. ಕೇಳಿದೆಯಲ್ಲ, ತಗೋ. ಎಲ್ಲರ ಎದುರಿಗೆ ಒತ್ತಿ ಒತ್ತಿ ಅಂದೆಯಲ್ಲ, ತಗೋ.

ಆಗ ಅವನ ಪಾದದ ಕೆಳಗೆ ಸುತ್ತಿಗೆ ಬಡಿದಂತೆ ಒಂದು ಸದ್ದಾಯಿತು. ಇನ್ನೊಂದಾಯಿತು. ಮೂರನೆಯದು ಸದ್ದಲ್ಲ, ಒದೆತ. ವ್ಯಾನು ಇಡಿಯಾಗಿ ಎಗರಿ ಕುಳಿತು, ನಿಶ್ಶಬ್ದವಾಯಿತು.

ಹಾರ್ನು ಕೂಡ ನಿಂತಿತ್ತು. ವ್ಯಾನಿನ ಹೊಟ್ಟೆಯ ಕೆಳಗಿಂದ ಕಪ್ಪು ಎಣ್ಣೆ ಹರಿದುಬಂದು, ಶೆಡ್ಡಿನ ಸಿಮೆಂಟು ನೆಲದ ಬಿರುಕು ಹಿಡಿದು, ಸಾಲಿನಲ್ಲಿ ನಿಂತವರ ಚಪ್ಪಲಿಗಳ ಕಡೆ ನಿಧಾನವಾಗಿ ಹೊರಟಿತು. ಅವರು ಒಬ್ಬೊಬ್ಬರಾಗಿ ಹಿಂದೆ ಸರಿದರು.

ಗಾಡಿಯಣ್ಣ ಕೆಳಗಿಳಿದು ಎಣ್ಣೆ ನೋಡಿದ, ಸೊಸೆಯನ್ನು ನೋಡಿದ.

“ಕೊಂದೆಯಲ್ಲೇ,” ಎಂದ.

ವ್ಯಾನನ್ನು ಶೆಡ್ಡಿನಿಂದ ಹೊರಗೆ ತಳ್ಳಿದವರಲ್ಲಿ ಬಿಳಿ ಕಾರಿನವನೂ ಇದ್ದ. ಸೊಸೆಯೂ ಒಂದು ಪಕ್ಕದಲ್ಲಿ ಹೆಗಲು ಕೊಟ್ಟಳು. ಗಾಡಿಯಣ್ಣ ಕಿಟಕಿಯೊಳಗೆ ಕೈ ಹಾಕಿ ಸ್ಟಿಯರಿಂಗ್ ಹಿಡಿದು ನಡೆದ. ಅವಳ ಕಡೆಗೆ ಮುಖ ತಿರುಗಿಸಲಿಲ್ಲ.

*

ಮೆಕ್ಯಾನಿಕ್ಕು ಕೆಳಗೆ ಮಲಗಿ ಟಾರ್ಚು ಬಿಟ್ಟು ನೋಡಿದವನು, ಹೊರಗೆ ಬಂದು ಕೈ ಒರೆಸಿಕೊಳ್ಳುವುದರಲ್ಲೇ ಬಹಳ ಹೊತ್ತು ಕಳೆದ. ರಾಡು ಮುರಿದು ಇಂಜಿನ್ನಿನ ಹೊಟ್ಟೆ ಸೀಳಿ ಹೊರಗೆ ಬಂದಿದೆ ಎಂದ. “ಇದಕ್ಕೆ ಬೇರೆ ಇಂಜಿನ್ ಸಿಗಲ್ಲ ಅಣ್ಣ. ಸಿಕ್ಕರೂ ಈ ಹಳೇ ಬಾಡಿಯೊಳಗೆ ಹಾಕೋದು ದಂಡ. ಮನೆ ಮುಂದೆ ನಿಲ್ಲಿಸಿ, ಗುಜರಿಯವನಿಗೆ ಹೇಳ್ತೀನಿ.”

ಆ ಸಂಜೆ ಮಗ ಕೆಲಸದಿಂದ ಬರುವ ಹೊತ್ತಿಗೆ ವ್ಯಾನನ್ನು ಹಗ್ಗ ಕಟ್ಟಿ ಎಳೆದು ತಂದು ಮನೆಯೆದುರು ನಿಲ್ಲಿಸಿಯಾಗಿತ್ತು. ಮಗ ಚಪ್ಪಲಿ ಬಿಡುವ ಮುಂಚೆಯೇ ಗಾಡಿಯಣ್ಣ ಶುರು ಮಾಡಿದ.

“ನಿನ್ನ ಹೆಂಡತಿ ಒತ್ತಿ ಒತ್ತಿ ಅಂತ ಒತ್ತಿಸಿ ನನ್ನ ಇಂಜಿನ್ ಒಡೆಸಿದಳು. ಹೊರಗಿನವರಾದ್ರೂ ಇಷ್ಟು ಮಾಡ್ತಿರಲಿಲ್ಲ.”

ಮಗ ಅಡುಗೆಮನೆಯ ಬಾಗಿಲಿನತ್ತ ನೋಡಿದ. “ಹೌದೇನೇ?”

ಸೊಸೆ ಕೈಯ ಮಸಿ ತಿಕ್ಕಿ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿದಳು. ಮಾವನನ್ನು ಒಮ್ಮೆ ನೋಡಿದಳು. ಅವನು ಕಾಯುತ್ತಿದ್ದ, ಅವಳು ಬಾಯಿಬಿಟ್ಟರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಸೆದಿಟ್ಟುಕೊಂಡಿದ್ದ.

“ನಾನು ಒತ್ತಿ ಅಂದಿದ್ದು ನಿಜ,” ಎಂದಳು ಅವಳು. ನಲ್ಲಿ ಮತ್ತೆ ತಿರುಗಿಸಿದಳು.

ಅಷ್ಟೇ. ಕಾಲು ತೆಗೆಯಿರಿ ಎಂದು ಕೂಗಿದ್ದನ್ನಾಗಲಿ, ಬಾಗಿಲು ಬಡಿದದ್ದನ್ನಾಗಲಿ ಅವಳು ಎತ್ತಲಿಲ್ಲ. ಮಸೆದಿಟ್ಟ ಮಾತುಗಳೆಲ್ಲ ಗಾಡಿಯಣ್ಣನ ಗಂಟಲಲ್ಲೇ ಉಳಿದವು. ಅವಳ ಮೇಲಿನ ಸಿಟ್ಟು ಇಮ್ಮಡಿಯಾಗಿದ್ದು ಆಗಲೇ. ಜಗಳವಾಡಿದ್ದರೆ ಗೆಲ್ಲಬಹುದಿತ್ತು.

ಅವತ್ತಿನಿಂದ ಅವನು ಅವಳೊಡನೆ ಮಾತು ಬಿಟ್ಟ. ಬಿಟ್ಟ ಎಂದರೆ ನೇರವಾಗಿ ಬಿಟ್ಟ; ಹೆಂಡತಿಯ ಮೂಲಕ, ಗೋಡೆಯ ಮೂಲಕ ಆಡುವುದು ಜಾಸ್ತಿಯೇ ಆಯಿತು. ಅವಳು ಕೆಲಸದಿಂದ ಒಳಗೆ ಬಂದರೆ “ದೊಡ್ಡ ಆಫೀಸರಮ್ಮ ಬಂದರು, ದಾರಿ ಬಿಡಿ” ಎನ್ನುವನು. ಒಲೆಯ ಮೇಲೆ ಏನಾದರೂ ಸೀದರೆ “ಹೊಗೆ ಅಳೀರಪ್ಪ, ಮಶೀನು ತನ್ನಿ” ಎನ್ನುವನು. ಹೆಂಡತಿ ಮೊದಲು ಗಂಡನ ಪರವೇ ಇದ್ದಳು. ದಿನವೂ ಅದೇ ರಾಗ ಕೇಳಿ ಅವಳಿಗೂ ಸಾಕಾಯಿತು. “ಗಾಡಿ ಹೋಯ್ತು, ನಾಲಗೆಗಾದ್ರೂ ಸ್ವಲ್ಪ ಬ್ರೇಕ್ ಹಾಕಿ” ಎಂದಳು.

ಬೀದಿಯಲ್ಲಿ, ಕ್ಷೌರದಂಗಡಿಯಲ್ಲಿ, ಆಸ್ಪತ್ರೆಯ ಗೇಟಿನಲ್ಲಿ, ಎಲ್ಲಿ ಯಾರು ಸಿಕ್ಕರೂ ಅವನದು ಒಂದೇ ಕಥೆ. ಹೇಳಿದಷ್ಟೂ ಕಥೆಗೆ ಮೈ ಬಂತು. ಕ್ಷೌರದಂಗಡಿಗೆ ತಲುಪುವ ವೇಳೆಗೆ ಸೊಸೆ ಅವನ ಕಾಲಿನ ಮೇಲೆ ತನ್ನ ಕಾಲಿಟ್ಟು ತುಳಿದಿದ್ದಳು. ಲಾಂಡ್ರಿಯ ಮ್ಯಾನೇಜರು ಕಥೆ ಪೂರ್ತಿ ಕೇಳಿ, “ಪಾಪ” ಎಂದು, ತಾವು ಆಗಲೇ ಬೇರೆ ವ್ಯಾನಿನವನಿಗೆ ಕೆಲಸ ವಹಿಸಿದ್ದಾಗಿ ತಿಳಿಸಿದರು. ಆಸ್ಪತ್ರೆ ಒಂದು ದಿನವೂ ಹೊದಿಕೆ ಇಲ್ಲದೆ ನಡೆಯುವುದಿಲ್ಲವಲ್ಲ. ಹೊರಗೆ ಬಂದಾಗ ಹೊಸ ವ್ಯಾನು ನಿಂತಿತ್ತು. ತನ್ನದೇ ಮೂಟೆಗಳು, ಗಂಟು ಮಾತ್ರ ತಾನು ಕಟ್ಟುತ್ತಿದ್ದ ರೀತಿಯದಲ್ಲ. ಯಾರೋ ಹಿಂದಿನಿಂದ “ಗಾಡಿಯಣ್ಣ” ಎಂದು ಕರೆದರು. ಅವನು ತಿರುಗಿ ನೋಡದೆ ನಡೆದ.

ನೇರವಾಗಿ ನಡೆದದ್ದು ಶೆಡ್ಡಿನ ಮಾಲೀಕನ ಬಳಿಗೆ.

*

ಮಾಲೀಕನ ಕೋಣೆ ಬಂಕಿನ ಪಕ್ಕದಲ್ಲಿತ್ತು. ಅರ್ಧ ಗೋಡೆ, ಅರ್ಧ ಗಾಜು. ಕೂತಲ್ಲಿಂದಲೇ ಶೆಡ್ಡು ಕಾಣುತ್ತಿತ್ತು. ತಂಪು ಯಂತ್ರದ ಗಾಳಿಗೆ ಮೇಜಿನ ಮೇಲಿನ ರಬ್ಬರ್ ಗಿಡದ ಎಲೆ ಅಲುಗುತ್ತಿತ್ತು. ಮಾಲೀಕ ಎದ್ದು ನಿಂತು ಕುರ್ಚಿ ತೋರಿಸಿದ. ಇಷ್ಟು ಮರ್ಯಾದೆಯನ್ನು ಗಾಡಿಯಣ್ಣ ಎಣಿಸಿರಲಿಲ್ಲ.

“ನಾನು ದೂರು ಕೊಡೋಕೆ ಬಂದಿದೀನಿ,” ಎಂದ, ಕುಳಿತುಕೊಳ್ಳದೆ.

“ಗೊತ್ತು ಅಣ್ಣ, ಗೊತ್ತು. ನೀವು ಬರಲಿ ಅಂತಾನೇ ಕಾಯ್ತಿದ್ದೆ.” ಮಾಲೀಕ ಮುಂದೆ ಬಾಗಿದ. “ಮನೆಯವರೇ ಬಂದು ಹೇಳಿದ್ರೆ ನನಗೂ ಅನುಕೂಲ. ಆ ಹೆಣ್ಣುಮಗಳ ಮೇಲೆ ಎಲ್ಲರದೂ ದೂರೇ. ಲಾರಿಯವರು ಬರೋದೇ ಬಿಟ್ರು. ಟ್ಯಾಕ್ಸಿಯವರು ಆ ಕಡೆ ರಸ್ತೆ ಶೆಡ್ಡಿಗೆ ಹೋಗ್ತಿದಾರೆ. ತೆಗೆದುಹಾಕಿದ್ರೆ ನಾಳೆ ಏನಾದ್ರೂ ರಂಪ ಮಾಡ್ತಾಳೆ ಅಂತ ಸುಮ್ಮನಿದ್ದೆ. ಈಗ ಸ್ವಂತ ಮಾವನ ಗಾಡೀನೇ ಒಡೆದಳು ಅಂದ್ಮೇಲೆ ಯಾರೂ ಕೇಳೋ ಹಾಗಿಲ್ಲ. ನೀವು ನನ್ನೆದುರು, ಕ್ಯಾಷಿಯರ್ ಎದುರು ಒಂದು ಮಾತು ಹೇಳಿ. ಇವತ್ತೇ ಮನೆಗೆ ಕಳಿಸ್ತೀನಿ.”

ಗಾಡಿಯಣ್ಣ ಗಾಜಿನಾಚೆ ನೋಡಿದ. ಶೆಡ್ಡಿನಲ್ಲಿ ಒಂದು ಟೆಂಪೋ ನಿಂತಿತ್ತು. ಚಾಲಕ ಸೊಸೆಯ ಮುಖಕ್ಕೆ ಮುಖ ಕೊಟ್ಟು ಬೈಯುತ್ತಿದ್ದ. ಗಾಜಿನಿಂದಾಗಿ ಮಾತು ಕೇಳಿಸುತ್ತಿರಲಿಲ್ಲ, ಬಾಯಿ ತೆರೆಯುವುದು ಮುಚ್ಚುವುದು ಮಾತ್ರ ಕಾಣುತ್ತಿತ್ತು. ಅವಳು ಕೊಳವೆ ಹಿಡಿದು ನಿಂತೇ ಇದ್ದಳು. ಅವನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಏನೋ ಒಂದೇ ಮಾತು ಹೇಳಿದಳು. ಅವನು ಮತ್ತೆ ಶುರು ಮಾಡಿದ.

“ನಿಜ ಹೇಳ್ಬೇಕಂದ್ರೆ ಅವಳಿಗೆ ವ್ಯವಹಾರ ಗೊತ್ತಿಲ್ಲ,” ಮಾಲೀಕ ಮುಂದುವರಿಸಿದ. “ಸೇರಿದ ದಿನಾನೇ ಹೇಳಿಕೊಟ್ಟಿದ್ದೆ. ಹಳೇ ಗಾಡಿ ಬಂದ್ರೆ ಪೈಪು ಸೈಲೆನ್ಸರ್ ಒಳಗೆ ಪೂರ್ತಿ ಹಾಕಬೇಡ, ತುದಿ ಹೊರಗಿಟ್ಟು ಗಾಳಿ ಕುಡಿಸು, ತಾನೇ ಪಾಸಾಗುತ್ತೆ ಅಂತ. ಕನ್ನಡಕದವನು ಇರೋ ತನಕ ಇಲ್ಲಿ ಒಂದು ಗಲಾಟೆ ಇತ್ತಾ? ನಿಮ್ಮ ಗಾಡೀನೇ ಎಷ್ಟು ವರ್ಷ ಹಾಗೆ ಕಳಿಸಿಲ್ಲ?”

“ಹಾಗೆ ಅಂದ್ರೆ?”

“ಹಾಗೇ ಅಣ್ಣ. ಗಾಳಿ ಕುಡಿಸಿ.”

“ನನ್ನ ಗಾಡಿ ಪಾಸಾಗ್ತಿತ್ತು.”

ಮಾಲೀಕ ನಕ್ಕ. ಕೆಟ್ಟ ನಗೆಯಲ್ಲ, ಹಳೆಯ ಗಿರಾಕಿಯ ಜೊತೆ ನಗುವ ನಗೆ. “ಪಾಸಾಗೋ ಗಾಡೀನಾ ಅಣ್ಣ ಅದು? ಅದು ಬರ್ತಿದೆ ಅಂತ ಬಂಕಿನ ಹುಡುಗರು ಮೂಗು ಮುಚ್ಕೊಳ್ಳೋರು. ಕನ್ನಡಕದವನು ಹೇಳ್ತಿದ್ದ, ವಯಸ್ಸಾದ ಮನುಷ್ಯ, ಪಾಪ, ಹೊಟ್ಟೆಪಾಡು, ಹೋಗ್ಲಿ ಬಿಡಿ ಅಂತ. ನಾನೂ ಹೋಗ್ಲಿ ಅಂದೆ.”

ಗಾಡಿಯಣ್ಣನಿಗೆ ಆ ಕೋಣೆಯ ತಂಪಿನಲ್ಲೂ ಕಿವಿ ಸುಟ್ಟಿತು. ಕನ್ನಡಕದವನು ಬಾನೆಟ್ಟು ತಟ್ಟುತ್ತಿದ್ದದ್ದು, ತಾನು ಚಹಾ ಲೋಟ ಹಿಡಿದು ಠೀವಿಯಿಂದ ನಿಲ್ಲುತ್ತಿದ್ದದ್ದು, ಹಿಂದಿನಿಂದ ಇವರು ಪಾಪ ಎನ್ನುತ್ತಿದ್ದದ್ದು.

“ಎಷ್ಟು ವರ್ಷ ನನ್ನನ್ನ ಮಂಗ ಮಾಡಿದ್ರಿ?” ಎಂದ.

“ಅಯ್ಯೋ, ನಿಮಗೆ ಉಪಕಾರ ಮಾಡಿದ್ದು ಅಣ್ಣ…”

“ಯಾರು ಕೇಳಿದ್ರು? ನಿನ್ನ ಬಾಗಿಲಿಗೆ ಬಂದು ಉಪಕಾರ ಮಾಡಪ್ಪಾ ಅಂತ ಕೈ ಚಾಚಿದ್ನಾ ನಾನು? ಫೇಲಾಗಿದ್ರೆ ಫೇಲು ಅನ್ನೋಕೆ ನಿನಗೇನು ರೋಗ ಬಂದಿತ್ತು? ಅವತ್ತೇ ಹೇಳಿದ್ರೆ ಅವತ್ತೇ ರಿಪೇರಿ ಮಾಡಿಸ್ತಿದ್ದೆ. ಇಂಜಿನ್ ಗಟ್ಟಿ ಇದ್ದಾಗ ಮಾಡಿಸ್ತಿದ್ದೆ!”

ದನಿ ಕೇಳಿ ಕ್ಯಾಷಿಯರು ಬಾಗಿಲಿಗೆ ಬಂದ. ಮಾಲೀಕನ ಮುಖದ ನಗೆ ಇಳಿಯಿತು. “ದೂರು ಕೊಡೋಕೆ ಬಂದವರು ನೀವು. ಅವಳ ಮೇಲೆ ಹೇಳೋದಿದ್ರೆ ಹೇಳಿ. ಇಲ್ಲಾಂದ್ರೆ ನನಗೆ ಕೆಲಸ ಇದೆ. ಇಂಜಿನ್ ಒಡೆದಿದ್ದು ಅವಳು ತಾನೆ?”

ಗಾಡಿಯಣ್ಣ ಕ್ಯಾಷಿಯರನ್ನು ನೋಡಿದ. ಕ್ಷೌರದಂಗಡಿಯಲ್ಲಿ, ಗೇಟಿನಲ್ಲಿ, ಲಾಂಡ್ರಿಯಲ್ಲಿ ನೀರು ಕುಡಿದಷ್ಟು ಸಲೀಸಾಗಿ ಬಂದ ಮಾತು ಇಲ್ಲಿ ಬಾಯಿಗೆ ಬರಲಿಲ್ಲ.

“ನನ್ನ ಗಾಡಿ. ನನ್ನ ಕಾಲು. ಒಡೆದವನು ನಾನು,” ಎಂದ. “ಅದನ್ನ ಕೇಳೋಕೆ ನೀನ್ಯಾರು?”

ಗಾಜಿನ ಬಾಗಿಲನ್ನು ಜೋರಾಗಿ ಎಳೆದ. ಅದು ತನ್ನಷ್ಟಕ್ಕೆ ನಿಧಾನವಾಗಿ ಮುಚ್ಚುವ ಬಾಗಿಲು, ರಪ್ಪೆನ್ನಲೂ ಇಲ್ಲ.

*

ಆ ರಾತ್ರಿಯ ಊಟಕ್ಕೆ ಸೊಸೆ ಬಡಿಸಲು ಬಂದಾಗ ಅವನು ತಟ್ಟೆಯ ಮೇಲೆ ಕೈ ಅಡ್ಡ ಇಟ್ಟ. ಹೆಂಡತಿ ಇನ್ನೇನು ಶುರುವಾಯಿತೋ ಎಂದು ಒಳಗಿಂದ ಇಣುಕಿದಳು.

“ಪೈಪಿನ ತುದಿ ಹೊರಗಿಟ್ಟರೆ ಪಾಸಾಗುತ್ತಂತೆ,” ಎಂದ. ವಾರಗಳ ನಂತರ ಅವಳಿಗೆ ನೇರವಾಗಿ ಆಡಿದ ಮಾತು ಅದು. “ಗೊತ್ತಿತ್ತಾ ನಿನಗೆ?”

“ಗೊತ್ತಿತ್ತು.”

“ಮನೆ ಮಂದಿ ಅನ್ನ ತಿನ್ನೋ ಗಾಡಿ. ಒಂದು ಸಲ ಹೊರಗಿಟ್ಟಿದ್ದರೆ ನಿನ್ನ ಗಂಟೇನು ಹೋಗ್ತಿತ್ತು?”

ಅವಳು ಪಾತ್ರೆಯನ್ನು ನೆಲಕ್ಕಿಟ್ಟಳು. “ನೀವು ಬಂದು ‘ಏನಾದ್ರೂ ಮಾಡಮ್ಮ’ ಅಂದಿದ್ರೆ ಇಡ್ತಿದ್ದೆನೋ ಏನೋ. ಮೊದಲನೇ ಸಲ ಫೇಲಾದಾಗ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ನಾನು. ಎರಡನೇ ಸಲ ಪೈಪಿನ ತುದಿ ಹೊರಗೆ ಎಳೆದಿದ್ದೆ ಕೂಡ. ಅಷ್ಟರಲ್ಲಿ ನೀವು ಎಲ್ಲರ ಮುಂದೆ, ಇದು ಯಾರ ಹಂಗೂ ಇಲ್ಲದೆ ಪಾಸಾಗೋ ಗಾಡಿ ಅಂತ ಕೂಗಿದ್ರಿ. ಆಮೇಲೆ ಹೇಗೆ ಇಡಲಿ?”

“ಅಹಂಕಾರ,” ಎಂದ ಗಾಡಿಯಣ್ಣ.

“ಯಾರದು ಮಾವ?”

ಅವನು ತಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ಅವಳು ಪಾತ್ರೆಯನ್ನು ಅವನ ಪಕ್ಕದಲ್ಲೇ ಬಿಟ್ಟು ಒಳಗೆ ಹೋದಳು. ತುಸು ಹೊತ್ತಿನ ಮೇಲೆ ಅವನೇ ಬಡಿಸಿಕೊಂಡು ತಿಂದ. ಹಾಗೆಂದು ಇಬ್ಬರ ನಡುವೆ ರಾಜಿಯಾಯಿತು ಎಂದೇನಲ್ಲ. ಮರುದಿನವೂ ಅವಳು ಹೊರಟಾಗ ಅವನು ಮುಖ ತಿರುಗಿಸಿಯೇ ಕೂತಿದ್ದ. ಆಫೀಸರಮ್ಮ ಎನ್ನುವುದೊಂದನ್ನು ಬಿಟ್ಟಿದ್ದ.

ಗುಜರಿಯವನು ಆ ವಾರವೇ ಬಂದ. ವ್ಯಾನಿನ ಹಿಂದಿನ ಚಕ್ರಗಳನ್ನು ಎತ್ತಿ ಸರಪಳಿ ಬಿಗಿದ. ಒಳಗೆ ಏನಾದರೂ ಬೇಕಾದ್ದು ಇದ್ದರೆ ತೆಗೆದುಕೊಳ್ಳಿ ಎಂದ. ಏನೂ ಇಲ್ಲ ಎಂದ ಗಾಡಿಯಣ್ಣ. ಹೋಗುವುದನ್ನು ನೋಡಲು ನಿಲ್ಲಬಾರದು ಎಂದುಕೊಂಡವನು ತಿರುವಿನ ತನಕ ನೋಡುತ್ತಲೇ ನಿಂತ. ಹಿಂದೆ ಮುಂದಾಗಿ ಹೋದದ್ದರಿಂದ ವ್ಯಾನು ತನ್ನ ಕಡೆಗೇ ಬರುತ್ತಿರುವಂತೆ ಕಾಣುತ್ತಿತ್ತು.

ಮಾರನೆಯ ಬೆಳಿಗ್ಗೆ ಅಭ್ಯಾಸದಂತೆ ಬೇಗ ಎಚ್ಚರವಾಯಿತು. ಇಷ್ಟು ವರ್ಷವೂ ಈ ಹೊತ್ತಿಗೆ ಅವನು ಇಂಜಿನ್ ಚಾಲೂ ಮಾಡಿ, ಅದು ಬಿಸಿಯಾಗುವ ತನಕ ಬಿಟ್ಟು, ಅಲ್ಲೇ ನಿಂತು ಹಲ್ಲುಜ್ಜುತ್ತಿದ್ದ. ಇವತ್ತು ಬರಿಗೈಯಲ್ಲಿ ಹೊಸ್ತಿಲ ಮೇಲೆ ನಿಂತ. ಬೀದಿ ಅಗಲವಾಗಿತ್ತು. ಮೊದಲ ಸಲ ಎದುರಿನ ಮನೆ ತಳದಿಂದ ಮಾಡಿನ ತನಕ ಕಾಣಿಸಿತು.

ಆ ಮನೆಯ ಕೆಳಗಿನ ಕಿಟಕಿಯನ್ನು ಯಾರೋ ಒಳಗಿನಿಂದ ಗುದ್ದುತ್ತಿದ್ದರು. ಚೌಕಟ್ಟಿಗೆ ಬಣ್ಣ ಅಂಟಿ ಹಿಡಿದುಕೊಂಡಿತ್ತು. ಮೂರು ನಾಲ್ಕು ಗುದ್ದಿಗೆ ಒಂದು ಬಾಗಿಲು ಕಿರ್ರೆಂದು ಸಡಿಲಿತು, ಆಮೇಲೆ ಇನ್ನೊಂದು. ಎದುರುಮನೆಯ ಮೇಷ್ಟ್ರು ಕೈ ಹೊರಗೆ ಚಾಚಿ ಒದ್ದೆ ಬಟ್ಟೆಯಿಂದ ಕಿಟಕಿಯ ಕಟ್ಟೆ ಒರೆಸಿದರು. ಬಟ್ಟೆ ನೋಡಿಕೊಂಡರು, ಮಡಚಿ ಇನ್ನೊಂದು ಮಗ್ಗುಲಿನಿಂದ ಒರೆಸಿದರು, ಮತ್ತೆ ಮಡಚಿದರು. ಒಳಗಿನಿಂದ ಅವರ ಹೆಂಡತಿ ಒಂದು ತೊಟ್ಟಿಲನ್ನು ಕಿಟಕಿಯ ಹತ್ತಿರಕ್ಕೆ ಎಳೆದು ತರುತ್ತಿದ್ದರು. ದಾರಿಯಲ್ಲಿ ಸಿಕ್ಕಾಗಲೆಲ್ಲ ನಗುತ್ತಿದ್ದ ದಂಪತಿ; ಹೊಗೆಯ ಬಗ್ಗೆ ಇದುವರೆಗೆ ಒಂದು ಮಾತೂ ಆಡಿದವರಲ್ಲ.

ಮೇಷ್ಟ್ರು ತಲೆ ಎತ್ತಿದರು. ಹೊಸ್ತಿಲ ಮೇಲೆ ನಿಂತ ಗಾಡಿಯಣ್ಣನನ್ನು ಕಂಡು ಕೈ ಅಲ್ಲೇ ನಿಂತಿತು. ಕಪ್ಪಾದ ಬಟ್ಟೆಯನ್ನು ಮುದುಡಿ ಕೆಳಗಿಳಿಸಿದರು. ಸಂಕೋಚದಿಂದ ನಕ್ಕು, ಕಿಟಕಿಯ ಒಂದು ಬಾಗಿಲನ್ನು ಮೆಲ್ಲಗೆ ಎಳೆದುಕೊಳ್ಳತೊಡಗಿದರು.

ಗಾಡಿಯಣ್ಣ ಒಳಗೆ ಸರಿದು ಕದ ಹಾಕಿಕೊಂಡ. ಕದದ ಹಿಂದೆ, ಅಗುಳಿಯ ಮೇಲೆ ಕೈಯಿಟ್ಟು ನಿಂತ. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಬೀದಿಯಾಚೆ ಆ ಕಿಟಕಿ ಮತ್ತೆ ಕಿರ್ರೆಂದಿತು, ಉದ್ದಕ್ಕೆ, ಗೋಡೆಗೆ ತಾಗುವ ತನಕ.